ಒಂದೇ ಟ್ಯೂಬಿನಲ್ಲಿ ಎರಡು ಕಿಣ್ವ: ರ್‍ಯಾಟಲ್‌ಸ್ನೇಕ್ ವಿಷ ಬಿಡಿಸಿದ ನನ್ನ ಅನುಭವ

ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುವಾಗ ನಾನು ಆರಿಸಿಕೊಂಡಿದ್ದು ಅಮೆರಿಕದ ವೆಸ್ಟರ್ನ್ ಡೈಮಂಡ್‌ಬ್ಯಾಕ್ ರ್‍ಯಾಟಲ್‌ಸ್ನೇಕ್‌ನ ವಿಷ. ನಮ್ಮೂರು ಪಾಂಡವಪುರದ ಹತ್ತಿರ. ಅಲ್ಲಿ ಕಬ್ಬು ಕಡಿಯುವವರಿಗೆ ಭಯ ಅಂದರೆ ಕೊಳಕುಮಂಡಲ. "ಹಿತ್ಲಲ್ಲೇ ಮಂಡ್ಲ ಅದೆ, ಅಮೆರಿಕದ ಹಾವು ಯಾಕ್ಲಾ ನಿಂಗೆ?" ಅಂತ ಚಿಕ್ಕಪ್ಪ ಕೇಳಿದ್ದರು. ಕಾರಣ ಸರಳ. ಈ ಹಾವಿನ ವಿಷ ಒಣಪುಡಿಯಾಗಿ ಕೊಳ್ಳಲು ಸಿಗುತ್ತದೆ. ಅದರ ಕಿಣ್ವಗಳ ರಚನೆಯನ್ನು ಬೇರೆಯವರು ಆಗಲೇ ಕಂಡುಹಿಡಿದಿದ್ದರು. ಮೇಲಾಗಿ ಎರಡೂ ವೈಪರ್ ಕುಟುಂಬದ ಹಾವುಗಳೇ. ಕಿಣ್ವಗಳ ಮುಖ್ಯ ಗುಂಪುಗಳು ಎರಡರಲ್ಲೂ ಅವೇ, ಪ್ರಮಾಣ ಮಾತ್ರ ಬೇರೆ.

ಪುಡಿಯ ಬಣ್ಣ ತಿಳಿ ಹಳದಿ. ಅದು ಎಲ್-ಅಮೈನೋ ಆಸಿಡ್ ಆಕ್ಸಿಡೇಸ್ ಎಂಬ ಕಿಣ್ವದೊಳಗಿನ ಎಫ್‌ಎಡಿ ಎಂಬ ಹಳದಿ ಸಹಾಯಕ ಅಣುವಿನಿಂದ ಬರುತ್ತದೆ. ತೂಕ ಮಾಡುವಾಗ ಮಾಸ್ಕ್ ಇರಲೇಬೇಕು. ಪುಡಿ ಗಾಳಿಯಲ್ಲಿ ಹಾರಿ ಮೂಗಿಗೆ ಹೋದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ.

ಪುಡಿಯನ್ನು ಬಫರ್‌ನಲ್ಲಿ ಕರಗಿಸಿ, ಕೋಲ್ಡ್ ರೂಮಿನಲ್ಲಿ ಸೆಫಾಡೆಕ್ಸ್ ಜಿ-75 ಕಾಲಮ್‌ಗೆ ಹಾಕಿದೆ. ಅದು ಪ್ರೋಟೀನುಗಳನ್ನು ಗಾತ್ರ ನೋಡಿ ಬೇರೆ ಮಾಡುವ, ಜೆಲ್ ಮಣಿ ತುಂಬಿದ ಕೊಳವೆ. ದೊಡ್ಡ ಪ್ರೋಟೀನು ಮೊದಲು ಇಳಿಯುತ್ತದೆ, ಚಿಕ್ಕದು ಆಮೇಲೆ. ಇಳಿದದ್ದನ್ನು ಸಾಲಾಗಿ ಟ್ಯೂಬುಗಳಲ್ಲಿ ಹಿಡಿದು, ಪ್ರತಿ ಟ್ಯೂಬಿಗೂ ಎರಡು ಪರೀಕ್ಷೆ. ಮೊದಲನೆಯದು ಹಾಲಿನ ಕೇಸಿನ್. ಅದನ್ನು ಕತ್ತರಿಸಿದರೆ ಪ್ರೋಟೀಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ಇದೆ ಎಂದರ್ಥ. ಎರಡನೆಯದಕ್ಕೆ ಸರಸ್ವತಿಪುರಂ ಅಂಗಡಿಯ ಮೊಟ್ಟೆಯೇ ಸಾಕಿತ್ತು. ಮೊಟ್ಟೆಯ ಹಳದಿ, ಕೆಂಪು ರಕ್ತಕಣ, ಸ್ವಲ್ಪ ಕ್ಯಾಲ್ಸಿಯಂ ಸೇರಿಸಿ ಅಗರೋಸ್ ಜೆಲ್‌ನ ಪ್ಲೇಟ್ ಮಾಡಬೇಕು. ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಇದ್ದರೆ ಅದು ಹಳದಿಯಲ್ಲಿರುವ ಲೆಸಿಥಿನ್ ಎಂಬ ಕೊಬ್ಬನ್ನು ಕತ್ತರಿಸುತ್ತದೆ. ಆಗ ಹುಟ್ಟುವ ಲೈಸೋಲೆಸಿಥಿನ್ ರಕ್ತಕಣಗಳನ್ನು ಒಡೆಯುತ್ತದೆ. ಪ್ಲೇಟಿನಲ್ಲಿ ತಿಳಿಯಾದ ಉಂಗುರ ಬೀಳುತ್ತದೆ.

ಫಾಸ್ಫೋಲೈಪೇಸ್ ಎ2 ಸುಮಾರು 14,000 ಡಾಲ್ಟನ್‌ನ (ಅಣುವಿನ ತೂಕದ ಅಳತೆ) ಚಿಕ್ಕ ಪ್ರೋಟೀನು, ಕೊನೆಯಲ್ಲಿ ಬರಬೇಕು ಅಲ್ವಾ? ಆದರೆ ನನಗೆ ಅದು ಮಧ್ಯದ ಟ್ಯೂಬುಗಳಲ್ಲಿ ಸಿಕ್ಕಿತು. ಅವೇ ಟ್ಯೂಬುಗಳು ಕೇಸಿನ್ ಅನ್ನೂ ಕತ್ತರಿಸುತ್ತಿದ್ದವು. ಉತ್ತರ ರಚನೆಯಲ್ಲಿತ್ತು. ಈ ಹಾವಿನ ಫಾಸ್ಫೋಲೈಪೇಸ್ ಎ2ನ ಎರಡು ಅಣುಗಳು ಜೋಡಿಯಾಗಿ ಇರುತ್ತವೆ. 1985ರಲ್ಲಿ ಬಂದ ಹರಳಿನ ರಚನೆಯಲ್ಲಿ ಅದು ಸ್ಪಷ್ಟ. ಜೋಡಿಯ ತೂಕ 28,000 ಡಾಲ್ಟನ್‌ನ ಆಸುಪಾಸು. ವಿಷದ ಚಿಕ್ಕ ಮೆಟಲೋಪ್ರೋಟೀಯೇಸ್‌ಗಳು, ಅಂದರೆ ಲೋಹದ ನೆರವಿನಿಂದ ಕತ್ತರಿಸುವ ಪ್ರೋಟೀಯೇಸ್‌ಗಳು, 24,000ದ ಹತ್ತಿರ. ಜಿ-75ಕ್ಕೆ ಇವೆರಡನ್ನೂ ಸರಿಯಾಗಿ ಬೇರೆ ಮಾಡಲು ಆಗುವುದಿಲ್ಲ.

ಮುಂದಿನ, ವಿದ್ಯುದಾವೇಶ ನೋಡಿ ಬೇರೆ ಮಾಡುವ ಅಯಾನ್ ಎಕ್ಸ್‌ಚೇಂಜ್ ಕಾಲಮ್‌ಗೆ ಹೋಗುವ ಮೊದಲೇ ಯಾವ ಕೆಲಸ ಯಾರದು ಅಂತ ನೋಡಬೇಕಿತ್ತು. ಎಲ್ಲರೂ ಮೊದಲು ಕೈಹಾಕುವುದು ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕಕ್ಕೆ. ಹಾಕಿದರೆ ಎರಡೂ ಚಟುವಟಿಕೆ ನಿಂತವು. ನಿಲ್ಲಲೇಬೇಕು. ಇಡಿಟಿಎ ಸತುವನ್ನೂ ಹಿಡಿಯುತ್ತದೆ, ಕ್ಯಾಲ್ಸಿಯಂ ಅನ್ನೂ ಹಿಡಿಯುತ್ತದೆ. ಮೆಟಲೋಪ್ರೋಟೀಯೇಸ್‌ನ ನಡುವೆ ಹಿಸ್ಟಿಡಿನ್ ಎಂಬ ಮೂರು ಅಮೈನೋ ಆಮ್ಲಗಳು ಒಂದು ಸತುವಿನ ಅಯಾನನ್ನು ಹಿಡಿದುಕೊಂಡಿರುತ್ತವೆ. ಫಾಸ್ಫೋಲೈಪೇಸ್‌ಗೆ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು. ಇಲ್ಲಿ ಮಾಡಿದ ಉಪಾಯ ಎರಡು. ಇಡಿಟಿಎ ಹಾಕಿದ ಮೇಲೆ ಕ್ಯಾಲ್ಸಿಯಂ ಜಾಸ್ತಿ ಸೇರಿಸಿದೆ. ಉಂಗುರ ವಾಪಸ್ ಬಂತು, ಕೇಸಿನ್ ಕತ್ತರಿಸುವುದು ಬರಲಿಲ್ಲ. ಬೇರೆ ಟ್ಯೂಬಿಗೆ ಫಿನಾಂತ್ರೋಲಿನ್ ಹಾಕಿದೆ. ಅದು ಸತುವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಕ್ಯಾಲ್ಸಿಯಂ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕೇಸಿನ್ ಹಾಗೇ ಉಳಿಯಿತು, ಉಂಗುರ ಮಾಮೂಲಿನಂತೆ ಬಿತ್ತು. ನನ್ನನ್ನು ಕೇಳಿದರೆ ಹಾವಿನ ವಿಷದ ಕೆಲಸಕ್ಕೆ ಬರೀ ಇಡಿಟಿಎ ಫಲಿತಾಂಶ ನಂಬಬಾರದು.

ಇಲಿಯ ಚರ್ಮದಲ್ಲಿ ರಕ್ತಸ್ರಾವ ನೋಡುವ ಪರೀಕ್ಷೆ ನಾನು ಮಾಡಲಿಲ್ಲ. 1978ರಲ್ಲೇ ಬ್ಯಾರ್ನಸನ್ ಮತ್ತು ಟು ಎಂಬ ವಿಜ್ಞಾನಿಗಳು ಇದೇ ಹಾವಿನ ವಿಷದಿಂದ ರಕ್ತಸ್ರಾವ ಮಾಡುವ ಐದು ಪ್ರೋಟೀನು ಬೇರೆ ಮಾಡಿ, ಅದರಲ್ಲೊಂದರಿಂದ ಸತು ತೆಗೆದರೆ ರಕ್ತಸ್ರಾವವೂ ನಿಲ್ಲುತ್ತದೆ ಎಂದು ತೋರಿಸಿದ್ದಾರೆ. ಉತ್ತರ ಇರುವ ಪ್ರಶ್ನೆಗೆ ಸುಮ್ನೆ ಇಲಿ ಯಾಕೆ ಕೊಲ್ಲಬೇಕು? ಈ ಕಿಣ್ವಗಳು ಸಣ್ಣ ರಕ್ತನಾಳದ ಸುತ್ತಲಿನ ಪೊರೆಯ ಕೊಲಾಜನ್ ಅನ್ನು ಕತ್ತರಿಸುತ್ತವೆ. ಆಮೇಲೆ ರಕ್ತದ ಒತ್ತಡಕ್ಕೇ ನಾಳ ಒಡೆಯುತ್ತದೆ. ಆ ಐದರಲ್ಲಿ 68,000 ಡಾಲ್ಟನ್‌ನ ದೊಡ್ಡದು ಚಿಕ್ಕವುಗಳಿಗಿಂತ ಎಷ್ಟೋ ಅಪಾಯಕಾರಿ. ಕತ್ತರಿಸುವ ಭಾಗದ ಜೊತೆ ಅದರಲ್ಲಿ ಇನ್ನೂ ಎರಡು ಭಾಗಗಳಿವೆ. ಅಂಗಾಂಶಕ್ಕೆ ಅಂಟಿಕೊಳ್ಳಲು ಅವು ನೆರವಾಗುತ್ತವೆ.

ಕೇಸಿನ್, ಮೊಟ್ಟೆ ಪರೀಕ್ಷೆಗೆ ಒಂದು ಮಿತಿ ಇದೆ. ಇದೇ ವಿಷದಲ್ಲಿ ಫಾಸ್ಫೋಲೈಪೇಸ್ ಎ2ನಂತೆಯೇ ಕಾಣುವ ಇನ್ನೊಂದು ಪ್ರೋಟೀನು ಇದೆ. ಅದರ ಅಮೈನೋ ಆಮ್ಲಗಳ ಸರಣಿಯ 49ನೇ ಜಾಗದಲ್ಲಿ ಆಸ್ಪಾರ್ಟೇಟ್ ಬದಲು ಲೈಸಿನ್. ಕ್ಯಾಲ್ಸಿಯಂ ಹಿಡಿಯಲು ಆಗದು, ಉಂಗುರವೂ ಬೀಳದು. ಆದರೂ ಸ್ನಾಯುವನ್ನು ಹಾಳು ಮಾಡುತ್ತದೆ.

ಚಿಕ್ಕಪ್ಪನ ಮಂಡಲದ ವಿಷಯಕ್ಕೆ ಬಂದರೆ, ಅದರ ವಿಷದಲ್ಲೂ ಸತುವಿನ ಕಿಣ್ವ ಇದೆ. ಆರ್‌ವಿವಿ-ಎಕ್ಸ್ ಎನ್ನುವ ಆ ಕಿಣ್ವ ರಕ್ತ ಹೆಪ್ಪುಗಟ್ಟಿಸುವ ಹತ್ತನೇ ಫ್ಯಾಕ್ಟರ್ ಅನ್ನು ಚಾಲೂ ಮಾಡುತ್ತದೆ. ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನು ಖರ್ಚಾಗಿ ಕೊನೆಗೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಅದಕ್ಕೇ ಕಚ್ಚಿದ ಜಾಗ ಕೊಯ್ಯಬೇಡಿ ಅಂತ ಊರಲ್ಲಿ ಹೇಳುತ್ತಲೇ ಇರುತ್ತೇನೆ. ಕೊಯ್ದರೆ ರಕ್ತ ನಿಲ್ಲದು. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು, ಆಂಟಿವೆನಮ್ ಅಲ್ಲೇ ಸಿಗುವುದು. ಸತು ಹಿಡಿಯುವ ಯೂನಿಥಿಯೋಲ್ ಎಂಬ ಔಷಧವನ್ನು ಹಾವು ಕಡಿತಕ್ಕೆ ಬಳಸುವ ಪ್ರಯತ್ನ ನಡೆದಿದೆ. ಮಂಡಲಕ್ಕೆ ಅದೊಂದೇ ಸಾಲದು ಅನ್ನಿಸುತ್ತದೆ. ಅದರ ವಿಷದಲ್ಲಿ ಫಾಸ್ಫೋಲೈಪೇಸ್ ಎ2 ಕೂಡ ಧಾರಾಳವಾಗಿದೆ. ಅದನ್ನು ತಡೆಯುವ ವರೆಸ್ಪ್ಲಾಡಿಬ್‌ನಂಥದ್ದು ಜೊತೆಗಿರಬೇಕು.