ದಿನದ ರೇಟು: ಮೊದಲು ಲೆಕ್ಕ, ಆಮೇಲೆ ಮಾತು

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ರೈಸ್ ಮಿಲ್ಲುಗಳಲ್ಲಿ ಕರೆಂಟಿನ ಪ್ಯಾನಲ್, ಡ್ರೈವ್ (ಮೋಟರಿನ ವೇಗ ಹಿಡಿತದಲ್ಲಿಡುವ ಸಾಧನ), ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಕೆಲಸವನ್ನು ನಾನು ದಿನದ ಲೆಕ್ಕದಲ್ಲಿ ಮಾಡುತ್ತೇನೆ. ನೌಕರಿ ಬಿಟ್ಟು ಸ್ವಂತಕ್ಕೆ ಇಳಿಯುವ ಹುಡುಗರು ರೇಟು ಕಟ್ಟುವ ರೀತಿ ಬಹುಪಾಲು ಒಂದೇ: ತಿಂಗಳಿಗೆ 35,000 ಪಗಾರ ಬರುತ್ತಿತ್ತು, 26ರಿಂದ ಭಾಗಿಸಿದರೆ 1,346, ಮೇಲೊಂದಿಷ್ಟು ಸೇರಿಸಿ 1,800 ಅಂದರಾಯಿತು. ಈ ರೇಟಿನಲ್ಲಿ ಮನೆ ನಡೆಯುವುದಿಲ್ಲ. ಸ್ವಂತ ಕೆಲಸದಲ್ಲಿ ತಿಂಗಳಿಗೆ 26 ದಿನ ದುಡ್ಡು ಹುಟ್ಟುವುದೇ ಇಲ್ಲ.

ಅದಕ್ಕೇ ಮೊದಲು ದಿನಗಳನ್ನು ಎಣಿಸಬೇಕು. 365ರಲ್ಲಿ ಭಾನುವಾರ 52, ಯುಗಾದಿ, ಮೊಹರಂ, ದಸರಾ, ದೀಪಾವಳಿ ಅಂತ ಇನ್ನೊಂದು 13 ಕಳೆದರೆ 300. ಜಡ್ಡುಜಾಪತ್ರೆ, ಮನೆಯ ಮದುವೆ-ಮುಂಜಿಗೆ 20. ಉಳಿದ 280ರಲ್ಲಿ ಸೈಟ್ ನೋಡಿ ಬರುವುದು, ಕೊಟೇಶನ್ ಬರೆಯುವುದು, ಬಾಕಿ ವಸೂಲಿಗೆ ತಿರುಗುವುದು, ಸುಮ್ಮನೆ ಫೋನಿಗಾಗಿ ಕಾಯುವುದು ಎಲ್ಲ ಸೇರಿ 120 ದಿನ ಹೋಗುತ್ತವೆ ಅಂತ ಹಿಡಿಯಿರಿ. ಬಿಲ್ಲಾಗುವ ದಿನ 160.

ಈ 160 ಕೂಡ ನೀರಿನ ಮೇಲೆ ನಿಂತಿದೆ. ಮಿಲ್ಲುಗಳು ಜೋರಾಗಿ ಓಡುವುದು ಎರಡೂ ಭತ್ತದ ಕೊಯ್ಲಿನ ನಂತರ. ತುಂಗಭದ್ರಾ ಎಡದಂಡೆ ಕಾಲುವೆಗೆ ಬೇಸಿಗೆ ಬೆಳೆಗಾಗಿ ನೀರು ಬಿಡದ ವರ್ಷ ಎರಡನೇ ಸೀಜನ್ ಕುಸಿಯುತ್ತದೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ರೈತರಷ್ಟೇ ಅಲ್ಲ, ಮಿಲ್ಲನ್ನು ನಂಬಿದ ಎಲ್ಲರೂ ಎದೆ ಹಿಡಿದುಕೊಂಡಿದ್ದರು. ಹಾಗಾಗಿ ಎರಡನೇ ಬೆಳೆಗೆ ನೀರಿನ ಬಗ್ಗೆ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆ ಏನು ತೀರ್ಮಾನಿಸುತ್ತದೆ ಅಂತ ನೋಡಿಕೊಂಡೇ ಮುಂದಿನ ವರ್ಷದ ದಿನ ಎಣಿಸಬೇಕು. ನೀರಿಲ್ಲ ಅಂತಾದರೆ ಆರು ತಿಂಗಳು ಮೊದಲೇ ರಾಯಚೂರಿನ ಹತ್ತಿ ಜಿನ್ನಿಂಗ್, ಗಿಣಿಗೇರಾ ಕಡೆಯ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಪರಿಚಯ ಮಾಡಿಕೊಂಡಿರಬೇಕು.

ಇನ್ನು ಖರ್ಚು. ಮನೆಗೆ ತಿಂಗಳಿಗೆ 35,000 ಬೇಕೆಂದರೆ ವರ್ಷಕ್ಕೆ 4,20,000. ಪೆಟ್ರೋಲ್ ಮತ್ತು ಗಾಡಿ ರಿಪೇರಿ 48,000. ಮೆಗ್ಗರ್ (ತಂತಿಯ ಇನ್ಸುಲೇಶನ್ ಪರೀಕ್ಷಿಸುವ ಮೀಟರ್), ಕ್ಲ್ಯಾಂಪ್ ಮೀಟರ್, ಕ್ರಿಂಪಿಂಗ್ ಟೂಲ್ ಸವೆತಕ್ಕೆ 30,000. ಲ್ಯಾಪ್‌ಟಾಪ್, ಪ್ರೋಗ್ರಾಮಿಂಗ್ ಕೇಬಲ್, ಸಾಫ್ಟ್‌ವೇರ್‌ಗೆ 20,000. ಫೋನು 9,600. ಆರೋಗ್ಯ ಮತ್ತು ಅಪಘಾತ ವಿಮೆ 25,000. ಲೆಕ್ಕ ಬರೆಯುವವರಿಗೆ 8,400. ಮುಪ್ಪಿಗೆ ಎತ್ತಿಡುವುದು 60,000. ಬಾರದ ಬಾಕಿ, ತಡವಾಗುವ ದುಡ್ಡು, ತೆರಿಗೆ ಸೇರಿ 50,000. ಒಟ್ಟು 6,71,000. 160ರಿಂದ ಭಾಗಿಸಿದರೆ 4,194, 4,200 ಅಂತಿಟ್ಟುಕೊಳ್ಳಿ. ಇದು ತಳ, ಇದಕ್ಕಿಂತ ಕೆಳಗೆ ಹೋದ ಕೆಲಸ ಮನೆಯ ದುಡ್ಡು ಹಾಕಿ ಮಾಡಿದ ಕೆಲಸ. ಬಾಯಲ್ಲಿ ಹೇಳುವುದು 4,800. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ಕ್ರಮ ಇದೇ. ಬಿಲ್ಲಾಗುವ ದಿನ 160ರಿಂದ 130ಕ್ಕೆ ಇಳಿದರೆ ಅದೇ ತಳ 5,160 ದಾಟುತ್ತದೆ. ಎಲ್ಲಕ್ಕಿಂತ ರೇಟನ್ನು ಅಲುಗಾಡಿಸುವುದು ಈ ದಿನಗಳ ಸಂಖ್ಯೆಯೇ.

ರೇಟು ಒಪ್ಪಿದ ಮೇಲೂ ಜಗಳ ಆಗುವುದು ‘ದಿನ’ ಅಂದರೆ ಎಷ್ಟು ಅನ್ನುವುದರ ಮೇಲೆ. ಸ್ಟೀಲ್ ಕಾರ್ಖಾನೆಗಳ ಶಟ್‌ಡೌನ್‌ನಲ್ಲಿ ದಿನ ಅಂದರೆ 12 ತಾಸಿನ ಶಿಫ್ಟು. ಎಂಟು ತಾಸು ಅಂದುಕೊಂಡು 4,800 ಹೇಳಿ ಹೋದವರಿಗೆ ನಾಲ್ಕು ತಾಸು ಪುಕ್ಕಟೆ. ಎಂಟು ತಾಸಿಗೆ 4,800, ಅಂದರೆ ತಾಸಿಗೆ 600. ಮೇಲಿನ ಪ್ರತಿ ತಾಸಿಗೆ ಒಂದೂವರೆ ಪಟ್ಟು, 900. ಹಾಗೆ 12 ತಾಸಿಗೆ 8,400 ಆಗುತ್ತದೆ. ತಾಸು ಶುರುವಾಗುವುದು ಗೇಟಿನ ಒಳಗೆ ಕಾಲಿಟ್ಟಾಗ, ಸ್ಕ್ರೂಡ್ರೈವರ್ ಹಿಡಿದಾಗ ಅಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಗೇಟ್ ಪಾಸ್, ಸೇಫ್ಟಿ ತರಬೇತಿಗೇ ಒಂದು ದಿನ ಹೋಗುವುದುಂಟು, ಆ ದಿನವೂ ಬಿಲ್ಲಿಗೆ ಬರಬೇಕು. ಅರ್ಧ ದಿನಕ್ಕೆ ಅರ್ಧ ರೇಟು ಬೇಡ, 3,000 ಇಡಿ. ಉಳಿದ ಅರ್ಧ ದಿನಕ್ಕೆ ಬೇರೆ ಊರಿನ ಕೆಲಸ ಸಿಗುವುದಿಲ್ಲ. 40 ಕಿಲೋಮೀಟರ್ ತನಕ ಓಡಾಟ ರೇಟಿನಲ್ಲೇ, ಮುಂದಿನದಕ್ಕೆ ಬೈಕಿಗೆ ಕಿಲೋಮೀಟರಿಗೆ 6 ರೂಪಾಯಿ. ಸಾಮಾನು ಬಂದಿಲ್ಲ, ಕರೆಂಟು ಹೋಯಿತು, ಆಪರೇಟರ್ ಊಟಕ್ಕೆ ಹೋಗಿದ್ದಾನೆ ಅಂತ ಕಾಯಿಸಿದ ಹೊತ್ತೂ ಕೆಲಸದ ಹೊತ್ತೇ.

ಇವನ್ನೆಲ್ಲ ಹೊರಡುವ ಹಿಂದಿನ ಸಂಜೆ ವಾಟ್ಸಾಪ್‌ನಲ್ಲಿ ಹಾಕುತ್ತೇನೆ: ‘ನಾಳೆ 9ಕ್ಕೆ ಬರ್ತೀನ್ರೀ. 8 ತಾಸಿಗೆ 4,800, ಮೇಲೆ ತಾಸಿಗೆ 900. ಕಾಯೋ ಹೊತ್ತು ಸೇರಿ. ಸಾಮಾನು ನಿಮ್ದು. ದುಡ್ಡು ಕೆಲಸ ಮುಗಿದ 7 ದಿನದಾಗ. ಒಪ್ಪಿಗಿ ಇದ್ರ ಓಕೆ ಅಂತ ಹಾಕ್ರಿ.’ ಆ ಓಕೆ ಬಾರದೆ ಗಾಡಿ ತೆಗೆಯುವುದಿಲ್ಲ.

ಯಾವ ಕೆಲಸಕ್ಕೆ ದಿನದ ರೇಟು, ಯಾವುದಕ್ಕೆ ಗುತ್ತಿಗೆ ಅನ್ನುವುದೂ ಮುಖ್ಯ. ಡ್ರಾಯಿಂಗ್ ಇರುವ ಹೊಸ ಪ್ಯಾನಲ್ ವೈರಿಂಗ್ ಗುತ್ತಿಗೆಗೆ ಸರಿ, ಎಷ್ಟು ತಂತಿ, ಎಷ್ಟು ಟರ್ಮಿನಲ್ ಅಂತ ಮೊದಲೇ ಗೊತ್ತಿರುತ್ತದೆ. ಫಾಲ್ಟ್ ಹುಡುಕುವುದನ್ನು ಗುತ್ತಿಗೆಗೆ ಹಿಡಿಯಲೇಬಾರದು. ಭತ್ತ ಮೇಲೆತ್ತುವ ಎಲಿವೇಟರ್‌ನ ಡ್ರೈವ್ ಓವರ್‌ಕರೆಂಟ್ ಅಂತ ಟ್ರಿಪ್ ಆಗುತ್ತಿದೆ ಅನ್ನಿ. ಎಲಿವೇಟರ್ ಬುಡದ ಬೂಟ್‌ನಲ್ಲಿ ಭತ್ತ ಕಟ್ಟಿಕೊಂಡಿದ್ದರೆ ಅರ್ಧ ತಾಸಿನ ಕೆಲಸ. ಟ್ರೇಯೊಳಗೆ ಇಲಿ ಕಡಿದ ಕೇಬಲ್ ಆಗಿದ್ದರೆ ಒಂದಿಡೀ ದಿನ. ಮೋಟರ್ ವೈಂಡಿಂಗ್ ನೋಡಲು ಮೆಗ್ಗರ್ ಹಾಕುವ ಮುಂಚೆ ಡ್ರೈವ್‌ನಿಂದ ಮೋಟರಿಗೆ ಹೋಗುವ ಯು, ವಿ, ಡಬ್ಲ್ಯು ತಂತಿಗಳನ್ನು ಬಿಚ್ಚಲೇಬೇಕು, ಇಲ್ಲದಿದ್ದರೆ ಮೆಗ್ಗರ್‌ನ ವೋಲ್ಟೇಜಿಗೆ ಡ್ರೈವ್ ಹೋಗುತ್ತದೆ. ಬಿಚ್ಚಿ, ಅಳೆದು, ಮತ್ತೆ ಬಿಗಿಯುವ ಹೊತ್ತು ನೋಡುವವರ ಕಣ್ಣಿಗೆ ಕೆಲಸವಾಗಿ ಕಾಣುವುದಿಲ್ಲ. ಗುತ್ತಿಗೆ ಹಿಡಿದವನು ಈ ಹಂತವನ್ನೇ ಹಾರಿಸಲು ನೋಡುತ್ತಾನೆ, ಡ್ರೈವ್ ಸುಡುವುದು ಅಲ್ಲಿಯೇ.

ಆದ್ದರಿಂದ ಪ್ರತಿದಿನ ಹಾಜರಿ ಚೀಟಿ. ಒಳಬಂದ ಹೊತ್ತು, ಹೊರಟ ಹೊತ್ತು, ಮಾಡಿದ್ದೇನು, ಕಾದದ್ದು ಎಷ್ಟು ಮತ್ತು ಯಾಕೆ. ಕೆಳಗೆ ಮಿಲ್ಲಿನ ಮೇಸ್ತ್ರಿಯ ಸಹಿ, ಫೋಟೊ ಅವತ್ತೇ ಮಾಲಕರ ಫೋನಿಗೆ. ವಾರದ ಚೀಟಿಗಳನ್ನು ಒಟ್ಟಿಗೆ ತೋರಿಸಿದರೆ ಪ್ರತಿಯೊಂದಕ್ಕೂ ತಕರಾರು ಏಳುತ್ತದೆ.

ಈಗ ಚೌಕಾಸಿ. ಮೊದಲ ಮಾತು ಇದೇ ಬರುತ್ತದೆ: ‘ನಮ್ಮ ಎಲೆಕ್ಟ್ರಿಷಿಯನ್‌ಗೆ ತಿಂಗಳಿಗೆ ಹದ್ನೆಂಟು ಸಾವಿರ ಕೊಡ್ತೀನಿ, ನಿಮಗ ದಿನಕ್ಕ ಐದು ಸಾವಿರ ಯಾಕ್ರೀ?’ ಇದಕ್ಕೆ ನನ್ನ ವಿದ್ಯೆ, ಅನುಭವ ಅಂತ ಶುರು ಮಾಡಿದರೆ ಮಾತು ಜಾರುತ್ತದೆ. ‘ಅವರಿಗೆ ಮುನ್ನೂರು ದಿನ ಕೊಡ್ತೀರಿ ಸಾವ್ಕಾರ್ರ, ನನಗ ಬೇಕಾದ ಎರಡು ದಿನ ಅಷ್ಟ’ ಅನ್ನಿ, ಸುಮ್ಮನಾಗಿ. ಆಮೇಲೆ ನಿಂತ ಮಿಲ್ಲಿನ ಮಾತಿಗೆ ಬನ್ನಿ. ಕುಸುಬಲಕ್ಕಿ ಮಿಲ್ಲಿನಲ್ಲಿ ನೆನೆದ ಭತ್ತ ಟ್ಯಾಂಕಿನಲ್ಲಿ ಹೊತ್ತು ಮೀರಿ ನಿಂತರೆ ಹುಳಿ ವಾಸನೆ ಬಂದು ಅಕ್ಕಿಯ ಬಣ್ಣ ಕೆಡುತ್ತದೆ. ಇದು ಮಾಲಕರಿಗೆ ನಮಗಿಂತ ಚೆನ್ನಾಗಿ ಗೊತ್ತು, ವಿವರಿಸುವ ಅಗತ್ಯವಿಲ್ಲ, ‘ಟ್ಯಾಂಕಿನಾಗ ಮಾಲು ಐತೇನ್ರೀ?’ ಅಂತ ಕೇಳಿದರೆ ಸಾಕು. ಹಾಗಂತ ಮಾಲು ಕೆಡುತ್ತಿರುವಾಗ ರೇಟು ಏರಿಸುವುದು ತಪ್ಪು. ರಾತ್ರಿ ಬ್ರೇಕ್‌ಡೌನಿಗೆ ಒಂದೂವರೆ ಪಟ್ಟು ಅಂತ ಸೀಜನ್‌ಗೆ ಮುಂಚೆಯೇ ಹೇಳಿಟ್ಟಿರಬೇಕು.

ಕಡಿಮೆ ಮಾಡಲೇಬೇಕಾದರೆ ಬದಲಿಗೆ ಏನಾದರೂ ಪಡೆಯಿರಿ. ಆಫ್ ಸೀಜನ್‌ನಲ್ಲಿ ಸತತ 20 ದಿನ ಕೊಟ್ಟರೆ 4,400, ಅದೂ ಐದು ದಿನದ ದುಡ್ಡು ಮುಂಗಡ ಬಂದರೆ. ಓಡಾಟ, ವಸತಿ ಅವರದಾದರೆ 4,500. ಏನೂ ಬದಲಾಗದೆ ರೇಟು ಮಾತ್ರ ಇಳಿದರೆ ಮೊದಲು ಹೇಳಿದ್ದು ಸುಳ್ಳು ರೇಟು ಅಂತ ಅರ್ಥವಾಗುತ್ತದೆ. ‘ಈ ಸಲ ಮೂರು ಸಾವಿರಕ್ಕ ಮಾಡ್ರಿ, ಮುಂದ ನೋಡೋಣು’ ಅನ್ನುವುದಕ್ಕೆ ಒಪ್ಪಬೇಡಿ. ಇಲ್ಲಿಯ ಮಿಲ್ಲಿನವರು ಒಬ್ಬರಿಗೊಬ್ಬರು ಬೀಗರು, ಇಲ್ಲವೇ ಪಾಲುದಾರರು. ಒಂದು ಕಡೆ ಮಾಡಿದ ರೇಟು ವಾರದೊಳಗೆ ಊರ ರೇಟಾಗುತ್ತದೆ.

ದುಡ್ಡಿನ ಕಾಗದಪತ್ರ ಚುಟುಕಾಗಿ ಹೇಳುತ್ತೇನೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಮೊದಲು ಅದನ್ನು ಮಾಡಿಸಿ, ಸಂಖ್ಯೆಯನ್ನು ಬಿಲ್ಲಿನ ಮೇಲೆ ಹಾಕಿ. ಸಣ್ಣ ಉದ್ಯಮಗಳ 2006ರ ಎಂಎಸ್ಎಂಇಡಿ ಕಾಯ್ದೆ ಪ್ರಕಾರ ದುಡ್ಡು ಕೊಡುವುದು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಅವಧಿ ಮೀರಿದ ಬಾಕಿ ಕೊಡುವ ತನಕ ಆ ಖರ್ಚನ್ನು ಮಾಲಕರು ತೆರಿಗೆ ಲೆಕ್ಕದಲ್ಲಿ ಕಳೆಯಲಾಗದು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ, ಇದನ್ನು ಅವರ ಅಕೌಂಟೆಂಟಿಗೆ ನೆನಪಿಸಿದರೆ ಮಾರ್ಚ್‌ನಲ್ಲಿ ಹಳೆ ಬಿಲ್ಲು ಸಲೀಸಾಗಿ ಹೊರಬರುತ್ತದೆ. ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಆದಾಯ ತೆರಿಗೆಯವರ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಬಂದಿದೆಯೇ ನೋಡಿಕೊಳ್ಳಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ರೇಟು ಏರಿಸುವುದು ವರ್ಷಕ್ಕೊಮ್ಮೆ, ಏಪ್ರಿಲ್ 1ರಿಂದ. ಹಳೆಯ ಗಿರಾಕಿಗಳಿಗೆ ಮಾರ್ಚ್ ಮೊದಲ ವಾರದಲ್ಲೇ ತಿಳಿಸಿ, ಕಾರಣ ಒಂದೇ ಸಾಲು ಸಾಕು. ನಡೆಯುತ್ತಿರುವ ಕೆಲಸ ಹಳೆ ರೇಟಿನಲ್ಲೇ ಮುಗಿಯಲಿ. ಹೊಸ ರೇಟು ಆಗುವುದಿಲ್ಲ ಅಂದವರಿಗೆ ಅವರ ಪಿಎಲ್‌ಸಿ ಪ್ರೋಗ್ರಾಮ್‌ನ ಬ್ಯಾಕಪ್ ಮತ್ತು ಗುರುತು ಹಾಕಿದ ಡ್ರಾಯಿಂಗ್ ಕೊಟ್ಟು ಬನ್ನಿ. ದುಡ್ಡು ಕೊಟ್ಟು ಮಾಡಿಸಿದ್ದು ಅವರದೇ ಸ್ವತ್ತು, ಪಾಸ್‌ವರ್ಡ್ ಇಟ್ಟುಕೊಂಡು ಹಿಡಿದು ನಿಲ್ಲಿಸುವುದು ಸರಿಯಲ್ಲ.