ಕಬಡ್ಡಿಯ ಏಟು, ಅರ್ಧ ನಿಮಿಷದ ಮಂಕು: ರೋಗ ಪತ್ತೆಗೆ ನಾನು ಹಿಡಿದ ದಾರಿ

ತಲೆಗೆ ಪದೇಪದೇ ಏಟು ತಿಂದ ಕಬಡ್ಡಿ ಆಟಗಾರ ನಾನು, ಆಗಾಗ ಅರ್ಧ ನಿಮಿಷ ಮಂಕಾಗುತ್ತಿದ್ದೆ, ಅದು ಫಿಟ್ಸ್ ಎಂದು ತಿಳಿಯಲು ಬಹಳ ಅಲೆದೆ. ಕೊನೆಗೂ ನಿದ್ದೆಯ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಎಡ ಟೆಂಪೊರಲ್ ಭಾಗದ, ಅಂದರೆ ಎಡಗಿವಿಯ ಆಸುಪಾಸಿನ ಮೆದುಳಿನ, ಸ್ಪೈಕ್ (ಫಿಟ್ಸ್ ಸುಳಿವು ಕೊಡುವ ಚೂಪು ಅಲೆ) ಸಿಕ್ಕಿತು. ಅದಕ್ಕೂ ಮೊದಲು ನರದ ವೀಕ್ನೆಸ್, ಗ್ಯಾಸು, ಟೆನ್ಷನ್ ಎಂದವರೇ ಹೆಚ್ಚು. ಕೈಕಾಲು ಒದರದೆ ಫಿಟ್ಸ್ ಹೇಗೆ ಬರುತ್ತದೆ ಎಂದು ತಂಡದವರು ನಂಬಲೇ ಇಲ್ಲ. ಡ್ಯಾಶ್‌ಗೆ (ಎದುರಾಳಿ ಮೈಯಿಂದ ಗುದ್ದಿ ಹೊರದಬ್ಬುವುದು) ಸಿಕ್ಕಿ, ತಲೆಗೆ ತಲೆ ಬಡಿದು ಪದೇಪದೇ ಏಟು ತಿಂದ ಕಬಡ್ಡಿ ಆಟಗಾರರು, ಆಮೇಲೆ ಆಗಾಗ ಮಂಕಾಗಿ ಕೂರುವುದನ್ನು ಕಂಡ ಮನೆಯವರು, ಇವರಿಗಾಗಿ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಇಷ್ಟು: ಯಂತ್ರದ ವರದಿಗೆ ಮೊದಲು ಘಟನೆಯ, ಅಂದರೆ ಪ್ರತಿ ಸಲ ಮಂಕಾದದ್ದರ, ದಾಖಲೆ ಬೇಕು. ಅದಿಲ್ಲದೆ ಮಾಡಿಸಿದ ಪರೀಕ್ಷೆಗಳಿಗೆ ಸುರಿದ ಹಣ ಅಂದಾಜು ನಲವತ್ತು ಸಾವಿರ. ಹೊಟ್ಟೆಯಿಂದ ಏನೋ ಎದ್ದು ಗಂಟಲಿಗೆ ಬಂದಂತಾಗುತ್ತದೆ ಎಂದದ್ದಕ್ಕೆ ಎಂಡೋಸ್ಕೋಪಿ, ತಲೆ ಗುಂಯ್ ಎನ್ನುತ್ತದೆ ಎಂದದ್ದಕ್ಕೆ ಕಿವಿಯ ಪರೀಕ್ಷೆ, ಬಿ12 ಇಂಜೆಕ್ಷನ್, ಒಂದೇ ಥರದ ಸಿಟಿ ಸ್ಕ್ಯಾನ್ ಮತ್ತೆ ಮತ್ತೆ. ಹೊಟ್ಟೆಯಿಂದ ಮೇಲೇರುವ ಆ ಅನುಭವವೇ ಟೆಂಪೊರಲ್ ಫಿಟ್ಸ್‌ನ ಹೆಸರಾಂತ ಮುನ್ಸೂಚನೆ. ಹೊಸ ಜಾಗ ಹಳೆಯದೆನಿಸುವುದು, ಇಲ್ಲದ ವಾಸನೆ ಬರುವುದು ಕೂಡ ಅದೇ ಸಾಲಿನವು. ಇವನ್ನು ಬಿಡಿಬಿಡಿಯಾಗಿ ಬೇರೆ ಬೇರೆ ಡಾಕ್ಟರಿಗೆ ಹೇಳಿದರೆ ಬೇರೆ ಬೇರೆ ಕಾಯಿಲೆಯಾಗುತ್ತದೆ. ಒಂದೇ ಹಾಳೆಯಲ್ಲಿ, ಸಮಯದ ಕ್ರಮದಲ್ಲಿ ಬರೆದುಕೊಟ್ಟರೆ ಒಂದೇ ಕಾಯಿಲೆ ಕಾಣುತ್ತದೆ.

ಮೊದಲ ಹಾಳೆ ಏಟಿನದು. ಪ್ರತಿ ಏಟಿಗೆ ಒಂದು ಸಾಲು: ಯಾವ ವರ್ಷ, ತಲೆಯ ಯಾವ ಬದಿ, ಪ್ರಜ್ಞೆ ತಪ್ಪಿತೇ, ವಾಂತಿಯಾಯಿತೇ, ಸಿಟಿಯಲ್ಲಿ ಏನಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಏಟಿನ ನಂತರ ಬಿಟ್ಟುಬಿಟ್ಟಲ್ಲ, ಸರಾಗವಾಗಿ ನೆನಪು ಶುರುವಾದದ್ದು ಯಾವಾಗ ಎಂಬ ಕಾಲಂ. ಎದ್ದು ನಿಂತು ಮತ್ತೆ ರೈಡ್ ಹೋಗಿರಬಹುದು, ಆದರೆ ಪಂದ್ಯದ ಕೊನೆಯೇ ನೆನಪಿಲ್ಲ ಎಂದರೆ ಆ ಏಟು ಸಣ್ಣದಲ್ಲ. ಪ್ರಜ್ಞೆ ಅಥವಾ ನೆನಪು ತಪ್ಪಿದ್ದು ಅರ್ಧ ಗಂಟೆ ದಾಟಿದರೆ, ಇಲ್ಲವೇ ಬುರುಡೆ ಬಿರುಕು ಬಿಟ್ಟಿದ್ದರೆ, ಅದನ್ನು ಕನಿಷ್ಠ ಮಧ್ಯಮ ಪೆಟ್ಟು ಎಂದೇ ಲೆಕ್ಕ ಹಾಕುತ್ತಾರೆ. ಅಮೆರಿಕದ ಮಿನೆಸೋಟದಲ್ಲಿ ತಲೆಪೆಟ್ಟಾದ ಸಾವಿರಾರು ಜನರ ದಾಖಲೆ ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ವರ್ಷದೊಳಗೆ ಫಿಟ್ಸ್ ಬರುವ ಸಾಧ್ಯತೆ ಸಣ್ಣ ಪೆಟ್ಟಿಗೆ ಶೇ. 0.7, ಮಧ್ಯಮಕ್ಕೆ ಶೇ. 1.2, ತೀವ್ರ ಪೆಟ್ಟಿಗೆ ಶೇ. 10. ಸಣ್ಣ ಪೆಟ್ಟಿನ ಸಂಖ್ಯೆ ಇಷ್ಟು ಕಡಿಮೆ ಇರುವುದರಿಂದಲೇ, ಏಟು ಬಿದ್ದಿದೆ ಅದಕ್ಕೇ ಫಿಟ್ಸ್ ಎಂಬ ವಾದವನ್ನು ನರರೋಗ ತಜ್ಞರು ಹಾಗೇ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಏಟು ಬಿದ್ದ ಕ್ಷಣದಲ್ಲೇ ಕೈಕಾಲು ಸೆಟೆದು ಅದುರುವುದು ಅಪಸ್ಮಾರ, ಅಂದರೆ ಪದೇಪದೇ ಫಿಟ್ಸ್ ಬರುವ ಕಾಯಿಲೆ, ಅಲ್ಲ. ಮೊದಲ 7 ದಿನದೊಳಗಿನದನ್ನು ಬೇರೆ ಗುಂಪಿಗೆ ಹಾಕುತ್ತಾರೆ. ವಾರ ದಾಟಿದ ಮೇಲೆ ತಾನಾಗಿಯೇ ಬರುವುದು ಮುಖ್ಯ. ಅಂಥವು 24 ಗಂಟೆಗಿಂತ ಹೆಚ್ಚು ಅಂತರದಲ್ಲಿ ಎರಡು ಬಂದಿದ್ದರೆ ಸಾಕ್ಷ್ಯ ಗಟ್ಟಿ. ಊರಿನ ಪಂದ್ಯಗಳ ಮೊಬೈಲ್ ವಿಡಿಯೋ ಯಾರ ಬಳಿಯಾದರೂ ಇರುತ್ತದೆ. ಏಟಿನ ದಿನಾಂಕ, ಬಿದ್ದ ರೀತಿ ಎಲ್ಲವೂ ಅದರಲ್ಲಿ ಸಿಗುತ್ತವೆ.

ಎರಡನೆಯ ಹಾಳೆ ಘಟನೆಯದು. ಇದನ್ನು ರೋಗಿ ಬರೆಯಲಾಗದು, ಅವನಿಗೆ ಗೊತ್ತೇ ಇರುವುದಿಲ್ಲ. ಪಕ್ಕದಲ್ಲಿದ್ದವರು ಬರೆಯಬೇಕು, ವಿಡಿಯೋ ತೆಗೆಯಬೇಕು. ನನ್ನ ಹೆಂಡತಿಗೆ ಹೇಳಿಕೊಟ್ಟದ್ದು ಹೀಗೆ. ದೀಪ ಹಾಕು, ಹೊದಿಕೆ ಸರಿಸು, ಮುಖವೂ ಎರಡೂ ಕೈಯೂ ಒಟ್ಟಿಗೆ ಕಾಣುವಂತೆ ಹಿಡಿ. ಹೆಸರು ಕೇಳು. ಎರಡೂ ಕೈ ಎತ್ತು ಅನ್ನು. ಹಲಸಿನಹಣ್ಣು ಎಂದು ಒಂದು ಪದ ಹೇಳು, ಸರಿಹೋದ ಮೇಲೆ ಆ ಪದ ಕೇಳು. ಪೆನ್ನು, ವಾಚು ತೋರಿಸಿ ಹೆಸರು ಹೇಳಿಸು. ಎಲ್ಲರೂ ತಪ್ಪುವುದು ಇಲ್ಲೇ, ಎಚ್ಚರವಾಯಿತು ಎಂದು ಕ್ಯಾಮೆರಾ ನಿಲ್ಲಿಸಿಬಿಡುತ್ತಾರೆ. ಆಮೇಲಿನ ಐದು ನಿಮಿಷದಲ್ಲೇ ಅರ್ಧ ಉತ್ತರ ಇರುತ್ತದೆ. ಕಣ್ಣು ತೆರೆದಿದ್ದರೂ ಪೆನ್ನಿನ ಹೆಸರು ಬಾಯಿಗೆ ಬಾರದಿದ್ದರೆ ಮಾತಿನ ಬದಿಯ, ಬಹುತೇಕರಲ್ಲಿ ಎಡ ಮೆದುಳಿನ, ಕಡೆಗೆ ಬೊಟ್ಟು ಮಾಡುತ್ತದೆ. ಘಟನೆ ಮುಗಿದ ಕೂಡಲೇ ಯಾವ ಕೈಯಲ್ಲಿ ಮೂಗು ಒರೆಸಿಕೊಂಡರು ಎಂಬುದನ್ನೂ ತಜ್ಞರು ನೋಡುತ್ತಾರೆ, ಟೆಂಪೊರಲ್ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಮೂಲ ಇರುವ ಬದಿಯದೇ ಕೈ ಅದು. ನನ್ನ ವಿಡಿಯೋದಲ್ಲಿ ಎಡಗೈ. ಇಇಜಿಗೆ ಮೊದಲೇ ಎಡಬದಿ ಇರಬಹುದು ಎಂದು ಬರೆದುಕೊಂಡು ಹೋಗಿದ್ದೆ, ಡಾಕ್ಟರು ಹಾಳೆಯನ್ನು ಮತ್ತೊಮ್ಮೆ ಓದಿದರು. ಆ ಹೆಮ್ಮೆ ನನಗಿದೆ.

ರಾತ್ರಿಗೆ ಎರಡು ಸಾವಿರದೊಳಗಿನ ವೈಫೈ ಕ್ಯಾಮೆರಾ, 64 ಜಿಬಿ ಕಾರ್ಡ್ ಸಾಕು. ಹಾಸಿಗೆಯ ಕಾಲುಬದಿಯ ಮೂಲೆಯಲ್ಲಿ, ತಲೆಯ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಕೂರಿಸಿ. ಕಾರ್ಡ್ ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ, ಬೆಳಿಗ್ಗೆಯೇ ಬೇಕಾದ ತುಣುಕು ತೆಗೆದಿಡಿ.

ಫಿಟ್ಸ್‌ನಂತೆ ಕಾಣುವ ಬೇರೆಯವನ್ನು ತಳ್ಳಿಹಾಕದೆ ಮುಂದೆ ಹೋಗಬೇಡಿ. ನಿಂತಾಗಲೇ ಬರುವುದು, ಮುಖ ಬಿಳಿಚಿ ಬೆವರುವುದು, ಕೆಲವು ಸೆಕೆಂಡು ಅದುರಿ ತಟ್ಟನೆ ಸರಿಯಾಗುವುದು ಬವಳಿ. ಮಲಗಿ ಬಿಪಿ ನೋಡಿ, ಎದ್ದು ನಿಂತು 3 ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಇಳಿದರೆ ಬರೆದುಕೊಳ್ಳಿ. ಹೃದಯ ನೋಡುವ ಇಸಿಜಿ ಬಿಡಲೇಬಾರದು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಲೆ ಅತ್ತಿತ್ತ ಆಡಿಸುತ್ತಾ ಬಹಳ ಹೊತ್ತು ನಡೆಯುವುದು ಮನಸ್ಸಿನ ಒತ್ತಡದಿಂದ ಬರುವ ಬಗೆ ಇರಬಹುದು. ಅದೂ ನಿಜವಾದ ಕಾಯಿಲೆಯೇ, ಚಿಕಿತ್ಸೆ ಮಾತ್ರ ಬೇರೆ. ನಾಲಿಗೆಯ ಪಕ್ಕ ಕಚ್ಚಿಕೊಂಡಿದ್ದರೆ ಫೋಟೋ ತೆಗೆದಿಡಿ. ಭುಜದ ನೋವಿಗೆ ಟ್ರಮಡಾಲ್ ನುಂಗುವ ಆಟಗಾರರು ಆ ಚೀಟಿಯನ್ನೂ ಮುಂದಿಡಬೇಕು, ಅದು ಫಿಟ್ಸ್ ತರಿಸಬಲ್ಲದು.

ನಮ್ಮ ಕಡೆಯವರು ತಲೆಸ್ನಾನವನ್ನೂ ಪರೀಕ್ಷಿಸಬೇಕು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು, ನಿಮ್ಹಾನ್ಸ್‌ನವರು ದಶಕಗಳಿಂದ ಅದನ್ನು ಅಧ್ಯಯನ ಮಾಡಿದ್ದಾರೆ. ಹಂಡೆಯ ನೀರಿಗೆ ಥರ್ಮಾಮೀಟರ್ ಹಾಕಿ ನೋಡಿದೆ, 45 ಡಿಗ್ರಿಯ ಆಸುಪಾಸು. ಉಗುರುಬೆಚ್ಚಗಿನ ನೀರಿಗೆ ಇಳಿಸಿ ಕೆಲವು ತಿಂಗಳು ನೋಡಿದರೂ ಘಟನೆಗಳು ಕಡಿಮೆಯಾಗಲಿಲ್ಲ. ನನ್ನದು ಅದಲ್ಲ ಎಂದು ಗೊತ್ತಾಯಿತು. ಕೈಗಡಿಯಾರದ ನಾಡಿಬಡಿತದ ಲೆಕ್ಕ ಹೆಚ್ಚು ಕೆಲಸಕ್ಕೆ ಬಂತು: ಸುಮ್ಮನೆ ಕುಳಿತಾಗ ಎಪ್ಪತ್ತರಲ್ಲಿದ್ದದ್ದು ಘಟನೆಯ ಹೊತ್ತಿಗೆ ನೂರಿಪ್ಪತ್ತಕ್ಕೆ ಜಿಗಿಯುತ್ತಿತ್ತು. ದಿನಾಂಕಗಳನ್ನು ಜೋಡಿಸಿದಾಗ ಇನ್ನೊಂದು ಕಂಡಿತು. ಹೊನಲು ಬೆಳಕಿನ ಪಂದ್ಯಾವಳಿ ಮುಗಿಸಿ ನಿದ್ದೆಗೆಟ್ಟ ಮರುದಿನಗಳಲ್ಲೇ ಹೆಚ್ಚು.

ಇದನ್ನು ತೋರಿಸಿಯೇ ನಿದ್ದೆಗೆಟ್ಟ ಇಇಜಿ, ಅಂದರೆ ರಾತ್ರಿ ನಿದ್ದೆ ಕೆಟ್ಟು ಬಂದು ಮಲಗಿದಾಗ ತೆಗೆಯುವುದು, ಕೇಳಿದೆ. ಎಚ್ಚರದಲ್ಲಿ, ಮಧ್ಯಾಹ್ನ, ಅರ್ಧ ಗಂಟೆ ತೆಗೆದ ಇಇಜಿ ನಾರ್ಮಲ್ ಬಂದಿತ್ತು. ಅದರರ್ಥ ಆ ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ. ಅಪಸ್ಮಾರ ಇರುವವರಲ್ಲೂ ಮೊದಲ ಇಇಜಿಯಲ್ಲಿ ಸಿಕ್ಕಿಬೀಳುವುದು ಹೆಚ್ಚುಕಡಿಮೆ ಅರ್ಧದಷ್ಟು ಜನ. ನಿದ್ದೆ ಎಷ್ಟು ಕೆಡಬೇಕು ಎಂದು ಲ್ಯಾಬಿನವರು ಹೇಳುತ್ತಾರೆ, ಅಷ್ಟೇ ಕೆಡಿ. ಒಬ್ಬರೇ ಹೋಗಬೇಡಿ, ಗಾಡಿ ಓಡಿಸಬೇಡಿ. ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ತೊಳೆದು ಎಣ್ಣೆ ಮುಟ್ಟಿಸದೆ ಹೋಗಿ, ಜಿಡ್ಡಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರದೆ ಗೆರೆಯೆಲ್ಲ ಕಲಸಿಹೋಗುತ್ತದೆ. ಕಾಫಿ ಬೇಡ. 3 ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ, ಮನಸ್ಸಿಟ್ಟು ಮಾಡಿ. ಇಇಜಿಗಾಗಿ ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವುದು ಅಪಾಯ. ಈ ಇಇಜಿಗೆ ನಾನು ಕೊಟ್ಟದ್ದು ಎರಡು ಸಾವಿರ ಚಿಲ್ಲರೆ. ಇದೂ ತಪ್ಪಿದ್ದರೆ ಮುಂದಿನದು ಆಸ್ಪತ್ರೆಯಲ್ಲಿದ್ದು ಮಾಡಿಸುವ ವಿಡಿಯೋ ಇಇಜಿ, ಖಾಸಗಿಯಲ್ಲಿ ದಿನಕ್ಕೆ ಹತ್ತು ಸಾವಿರದ ಮೇಲೆ ಎಂದಿದ್ದರು.

ಎಂಆರ್‌ಐ ಚೀಟಿಯಲ್ಲಿ ಬರೀ ಬ್ರೈನ್ ಎಂದಿದ್ದರೆ ವಾಪಸ್ ಹೋಗಿ ಎಪಿಲೆಪ್ಸಿ ಪ್ರೋಟೋಕಾಲ್ (ಫಿಟ್ಸ್ ಮೂಲ ಹುಡುಕುವ ಸ್ಕ್ಯಾನ್ ಕ್ರಮ), ಆಗುವುದಾದರೆ 3 ಟೆಸ್ಲಾ (ಹೆಚ್ಚು ಶಕ್ತಿಯ ಯಂತ್ರ), ಎಂದು ಬರೆಸಿ. ಹಿಪ್ಪೊಕ್ಯಾಂಪಸ್‌ಗೆ (ಟೆಂಪೊರಲ್ ಒಳಗಿನ ನೆನಪಿನ ಭಾಗ) ಅಡ್ಡವಾಗಿ ತೆಳು ಸ್ಲೈಸ್, ಮೆದುಳಿನ ಗಾಯದ ಗುರುತು ತೋರಿಸುವ ಫ್ಲೇರ್, ಹಳೆಯ ರಕ್ತದ ಕಲೆ ಹಿಡಿಯುವ ಎಸ್‌ಡಬ್ಲ್ಯುಐ ಬೇಕು. ನನಗೆ ಎಂಟು ಸಾವಿರದಷ್ಟಾಯಿತು. ಮೊದಲಿನ ಸಾದಾ ಸ್ಕ್ಯಾನಿನಲ್ಲಿ ಕಾಣದ ಹಳೆಯ ರಕ್ತದ ಚುಕ್ಕೆಗಳು ಎಡ ಟೆಂಪೊರಲ್ ತುದಿಯಲ್ಲಿ ಇದರಲ್ಲಿ ಕಂಡವು. ಮೆದುಳು ಸೇರಿದ ಲಾಡಿಹುಳದ ಗಂಟು ಕ್ಯಾಲ್ಸಿಯಂ ಕಟ್ಟಿ ಉಳಿಯುವುದು ನಮ್ಮ ದೇಶದಲ್ಲಿ ಫಿಟ್ಸ್‌ಗೆ ದೊಡ್ಡ ಕಾರಣ, ಅದು ಸಿಟಿಯಲ್ಲಿ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಹಳೆಯ ಸಿಟಿ ಎಸೆಯಬೇಡಿ. ಫಿಲ್ಮ್ ಮಾತ್ರ ಸಾಲದು, ಸಿಡಿ ಕೇಳಿ ಪಡೆಯಿರಿ.

ಮದುವೆಗೆ ತೊಡಕು ಎಂದು ಮನೆಯವರು ಕಾಯಿಲೆಯ ಹೆಸರು ಹೇಳಲು ಹೆದರುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಪಸ್ಮಾರದ ಮಾತನ್ನು 1999ರಲ್ಲೇ ತೆಗೆದಿದ್ದಾರೆ. ಡ್ರೈವಿಂಗ್ ಲೈಸೆನ್ಸಿನ ಫಾರಂ 1ರಲ್ಲಿ ಮಾತ್ರ ಈ ಪ್ರಶ್ನೆ ಇದೆ, ಮುಚ್ಚಿಡಬೇಡಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬಿಟ್ಟು ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108.

ಮಾತ್ರೆ ಶುರುವಾದ ಮೇಲೂ ಎರಡನೆಯ ಹಾಳೆ ನಿಲ್ಲಿಸಬೇಡಿ. ತಪ್ಪಿದ ಮಾತ್ರೆ, ಮಲಗಿದ ಹೊತ್ತು, ಸಿಡುಕು ಅಥವಾ ಬೇಸರ ಎಂದು ಮೂರು ಕಾಲಂ ಸೇರಿಸಿ. ಲೆವೆಟಿರಾಸಿಟಮ್ ಎಂಬ ಫಿಟ್ಸ್ ಮಾತ್ರೆ ಕೆಲವರಲ್ಲಿ ವಿಪರೀತ ಸಿಟ್ಟು ತರಿಸುತ್ತದೆ, ಅದನ್ನು ಮನೆಯವರ ಕೈಯಲ್ಲೇ ಬರೆಸಿ.