ಸಂಗೀತ ಕಚೇರಿಯ ಫೋಟೋದಲ್ಲಿ ಕಂಬವೂ ಕಾಣಲಿ

ದಾವಣಗೆರೆ, ಚಿತ್ರದುರ್ಗಗಳಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳ ಫೋಟೋ ತೆಗೆಯುವುದು ನನ್ನ ಹಳೆಯ ಹವ್ಯಾಸ. ಮೊದಲ ಆರೇಳು ವರ್ಷ ನನ್ನ ಕಣ್ಣು ವೇದಿಕೆ ಬಿಟ್ಟು ಆಚೆ ಹೋಗಿದ್ದೇ ಇಲ್ಲ. ಸ್ವರಗಳನ್ನು ವೇಗವಾಗಿ ಹೆಣೆಯುವ ತಾನ್ ತೆಗೆದುಕೊಳ್ಳುವಾಗ ಮೇಲೇಳುವ ಗಾಯಕರ ಕೈ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದಾಗ ತಬಲಾದವರ ಮುಖದಲ್ಲಿ ಮೂಡುವ ನಗು, ತಂಬೂರಿಗೆ ಒರಗಿದ ಕೆನ್ನೆ, ಇಂಥವೇ ನನ್ನ ಸಂಗ್ರಹದ ತುಂಬ ಇದ್ದವು. ಹರಿಹರದಲ್ಲಿರುವ ನಮ್ಮ ಸೋದರತ್ತೆ ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ಮೊದಲ ಬಾರಿಗೆ ಒಂದು ಕಚೇರಿಗೆ ಬರಬೇಕೆಂದಾಗ, ಆ ಸಭಾಂಗಣ ಹೇಗಿದೆ ಎಂದು ತೋರಿಸಲು ಅಲ್ಲಿ ತೆಗೆದಿದ್ದ ಸುಮಾರು ನಲವತ್ತು ಫೋಟೋಗಳನ್ನು ಹೆಮ್ಮೆಯಿಂದಲೇ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು: ‘ಫೋಟೋ ಎಲ್ಲಾ ಚೆನ್ನಾಗದಾವಪ್ಪಾ. ಮೆಟ್ಲು ಎಷ್ಟದಾವೆ, ಅದನ್ನ ಹೇಳು.’

ಇಪ್ಪತ್ತು ಸಲವಾದರೂ ಹತ್ತಿಳಿದಿದ್ದ ಮೆಟ್ಟಿಲುಗಳು ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ಎಣಿಸಿದೆ. ಹನ್ನೊಂದಿದ್ದವು, ಕೈಹಿಡಿ ಒಂದೇ ಬದಿಗಿತ್ತು. ಕಟ್ಟಡವನ್ನು ಒಂದು ಸುತ್ತು ಹಾಕಿದಾಗ, ಅಡುಗೆಮನೆಯ ಪಕ್ಕದಲ್ಲಿ ಒಂದೂ ಮೆಟ್ಟಿಲಿಲ್ಲದೆ ನೇರವಾಗಿ ಒಳಗೆ ಸೇರುವ ಇಳಿಜಾರಿನ ಬಾಗಿಲೊಂದು ಇರುವುದೂ ತಿಳಿಯಿತು. ಅತ್ತೆ ಅದೇ ಬಾಗಿಲಿನಿಂದ ಒಳಗೆ ಬಂದರು. ಅಂದಿನಿಂದ ನನ್ನ ಫೋಟೋಗಳಲ್ಲಿ ಎರಡು ಬಗೆ: ಕಲಾವಿದರಿಗಾಗಿ ತೆಗೆದವು ಮತ್ತು ನಾಳೆ ಅಲ್ಲಿಗೆ ಬರುವವರಿಗಾಗಿ ತೆಗೆದವು. ಇಲ್ಲಿ ಬರೆಯುತ್ತಿರುವುದು ಎರಡನೆಯ ಬಗೆಯನ್ನು ಕುರಿತು.

ಇವುಗಳಿಗಾಗಿ ನಾನು ಕಾರ್ಯಕ್ರಮಕ್ಕೆ ಮುಕ್ಕಾಲು ಗಂಟೆ ಮೊದಲೇ ಹೋಗುತ್ತೇನೆ. ಆಗ ಸಭಾಂಗಣದ ದೀಪಗಳೆಲ್ಲ ಉರಿಯುತ್ತಿರುತ್ತವೆ, ಕುರ್ಚಿಗಳು ಖಾಲಿಯಿರುತ್ತವೆ, ಮೈಕ್‌ಸೆಟ್‌ನವರು ‘ಹಲೋ, ಚೆಕ್’ ಎನ್ನುತ್ತಿರುತ್ತಾರೆ. ಒಮ್ಮೆ ದೀಪ ಆರಿಸಿದರೆಂದರೆ ಗೋಡೆ, ಬಾಗಿಲು, ನಡುವಿನ ದಾರಿ ಎಲ್ಲವೂ ಕತ್ತಲಲ್ಲಿ ಕರಗಿ, ಉಳಿಯುವುದು ಬೆಳಕಿನ ಒಂದು ಚೌಕ ಮಾತ್ರ.

ಬಹಳ ಜನ ತಪ್ಪುವುದು ಕುರ್ಚಿಯಿಂದ ವೇದಿಕೆ ಹೇಗೆ ಕಾಣುತ್ತದೆ ಎಂದು ತೋರಿಸುವ ಫೋಟೋದಲ್ಲಿ. ನಾನೂ ತಪ್ಪಿದ್ದೇನೆ. ನಿಂತುಕೊಂಡು ತೆಗೆದರೆ ವೇದಿಕೆ ಪೂರ್ತಿ ಕಾಣುತ್ತದೆ, ಆದರೆ ಯಾರೂ ನಿಂತು ಕಚೇರಿ ಕೇಳುವುದಿಲ್ಲವಲ್ಲ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಫೋನೂ ಅಲ್ಲಿಯೇ ಇರಬೇಕು. ಎರಡನೆಯ ಮೋಸ ಲೆನ್ಸಿನದು. ಫೋನಿನ ಸಾಮಾನ್ಯ ಕ್ಯಾಮೆರಾ, ಅಂದರೆ 1 ಎಕ್ಸ್, ಹಳೆಯ ಫಿಲಂ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ; ಅದು ಅಗಲ ನೋಟದ ಲೆನ್ಸಾದ್ದರಿಂದ ಹತ್ತನೆಯ ಸಾಲಿನ ಕುರ್ಚಿಯೂ ಇಪ್ಪತ್ತನೆಯ ಸಾಲಿನದರಂತೆ ತೋರುತ್ತದೆ. 0.5 ಎಕ್ಸ್‌ನಲ್ಲಂತೂ ಗಾಯಕರು ಇರುವೆಯಷ್ಟಾಗುತ್ತಾರೆ. 2 ಎಕ್ಸ್ ಇಟ್ಟರೆ 50 ಮಿ.ಮೀ.ಗೆ ಹತ್ತಿರ ಬರುತ್ತದೆ. ನಮ್ಮ ಕಣ್ಣಿಗೆ ಅನ್ನಿಸುವ ದೂರ ಹೆಚ್ಚುಕಡಿಮೆ ಅದೇ. ಹಾಗಾಗಿ ಒಂದೇ ಕುರ್ಚಿಯಿಂದ ಎರಡು ಫೋಟೋ ತೆಗೆಯುತ್ತೇನೆ: ವೇದಿಕೆ ಎಷ್ಟು ದೂರವೆಂದು ತಿಳಿಯಲು 2 ಎಕ್ಸ್‌ನಲ್ಲಿ ಒಂದು, ಅಕ್ಕಪಕ್ಕ ಏನಿದೆಯೆಂದು ತಿಳಿಯಲು ಅಗಲವಾದದ್ದು ಇನ್ನೊಂದು.

ಕಂಬದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹಳೆಯ ಕಲ್ಯಾಣಮಂಟಪಗಳಲ್ಲಿ ಕಂಬಗಳಿಗೇನೂ ಬರವಿಲ್ಲ, ಕಚೇರಿಗಳು ನಡೆಯುವುದೂ ಅಂಥಲ್ಲಿಯೇ. ಫೋಟೋ ಅಂದವಾಗಿ ಬರಲೆಂದು ನಾನು ಎಡಕ್ಕೋ ಬಲಕ್ಕೋ ವಾಲಿ ಕಂಬವನ್ನು ತಪ್ಪಿಸುತ್ತಿದ್ದೆ. ಆ ಫೋಟೋ ನೋಡಿಕೊಂಡು ಹೋಗಿ ಅದೇ ಸಾಲಿನಲ್ಲಿ ಕುಳಿತ ನನ್ನ ಸಹೋದ್ಯೋಗಿಯೊಬ್ಬರು, ‘ಸಾರ್, ನೀವು ಹೇಳಿದ ಜಾಗದಲ್ಲಿ ಕೂತು ಎರಡೂವರೆ ಗಂಟೆ ಹಾರ್ಮೋನಿಯಂ ನೋಡಿದೆ, ಹಾಡಿದವರು ಮಾತ್ರ ಕಾಣಲಿಲ್ಲ’ ಎಂದು ಮರುದಿನ ನಗುತ್ತಲೇ ಚುಚ್ಚಿದರು. ಈಗ ಕಂಬ ಅಡ್ಡ ಬಂದರೆ ಅಡ್ಡ ಬಂದ ಹಾಗೆಯೇ ತೆಗೆಯುತ್ತೇನೆ.

ಕಾರ್ಯಕ್ರಮ ನಡೆಯುವಾಗ ತೆಗೆಯುವುದು ಎರಡೋ ಮೂರೋ ಮಾತ್ರ, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶಿನಿಂದ ಕಲಾವಿದರಿಗೆ ಕಿರಿಕಿರಿಯಾಗುವುದಷ್ಟೇ ಅಲ್ಲ, ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುವುದರಿಂದ, ಹದಿನೈದನೆಯ ಸಾಲಿನಿಂದ ಹೊಡೆದ ಫ್ಲ್ಯಾಶ್ ಮುಂದಿನ ಸಾಲಿನವರ ತಲೆಗೂದಲನ್ನು ಬೆಳಗಿಸಿ ಅಲ್ಲಿಗೇ ಮುಗಿಯುತ್ತದೆ. ಫೋನು ಕತ್ತಲನ್ನು ಕಂಡು ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಗಾಯಕರ ಮುಖವನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು, ಬೆಳಕಿನ ಗುರುತನ್ನು ಕೆಳಕ್ಕೆ ಎಳೆದರೆ ಸರಿಹೋಗುತ್ತದೆ. ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಬಂದರೆ ಫೋನು ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ; ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಅವಧಿಯನ್ನು, 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಸಾಮಾನ್ಯವಾಗಿ ಪಟ್ಟಿ ಹೋಗುತ್ತದೆ. ಆರ್ಕೆಸ್ಟ್ರಾದವರ ಬಣ್ಣದ ದೀಪಗಳು ಮಾತ್ರ ತಮ್ಮದೇ ವೇಗದಲ್ಲಿ ಮಿನುಗುವುದರಿಂದ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ಬಯಲಿನ ಕಾರ್ಯಕ್ರಮಗಳ ರೀತಿಯೇ ಬೇರೆ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಪೆಂಡಾಲ್ ಹಾಕಿದಾಗ ಇಂದು ಪೂರ್ವಕ್ಕಿದ್ದ ವೇದಿಕೆ ಮುಂದಿನ ಸಲ ಪಶ್ಚಿಮಕ್ಕಿರಬಹುದು; ಅಂಥ ಫೋಟೋದ ಜೊತೆಗೆ ದಿನಾಂಕ ಬರೆಯದಿದ್ದರೆ ಅದು ದಾರಿ ತಪ್ಪಿಸುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿರುವ ಶಿವಕುಮಾರ ಬಯಲು ರಂಗಮಂದಿರದಲ್ಲಿ ನವೆಂಬರ್ ತಿಂಗಳ ನಾಟಕೋತ್ಸವಕ್ಕೆಂದು ಹೋಗಿ ವಚನ ಗಾಯನ ಕೇಳಿದ್ದೇನೆ. ಅಲ್ಲಿ ಅರ್ಧವೃತ್ತಾಕಾರದ ಮೆಟ್ಟಿಲುಗಳೇ ಆಸನ, ಎಲ್ಲಿ ಕುಳಿತರೂ ನೋಟಕ್ಕೆ ತೊಂದರೆಯಿಲ್ಲ. ಆದರೆ ಬೆನ್ನಿಗೆ ಆಸರೆಯಿಲ್ಲವೆಂಬುದು ಮೇಲಿನಿಂದ ತೆಗೆದ ಭವ್ಯವಾದ ಫೋಟೋದಲ್ಲಿ ತಿಳಿಯುವುದೇ ಇಲ್ಲ. ಅಲ್ಲಿ ನಾನು ತೆಗೆದದ್ದು ಒಂದೇ ಮೆಟ್ಟಿಲನ್ನು, ಹತ್ತಿರದಿಂದ, ಅದರ ಮೇಲೆ ನನ್ನ ಹೆಂಡತಿ ಮಡಿಸಿ ಹಾಸಿದ್ದ ಶಾಲಿನ ಸಮೇತ.

ಇನ್ನು ಶೌಚಾಲಯದ ಬಾಗಿಲು, ಕುಡಿಯುವ ನೀರು, ಬೈಕ್ ನಿಲ್ಲಿಸುವ ಜಾಗ, ರಸ್ತೆಯಿಂದ ಕಾಣುವ ಗೇಟು, ಇವಕ್ಕೆ ಒಂದೊಂದು ಫೋಟೋ ಸಾಕು. ಧ್ವನಿವರ್ಧಕಗಳು ಎಲ್ಲಿವೆ ಎಂಬುದು ಮಾತ್ರ ಕಾಣುವಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ಎಳೆಯ ಮಗುವನ್ನು ಎತ್ತಿಕೊಂಡು ಬಂದವರು ಅವುಗಳ ಎದುರಿಗೆ ಕುಳಿತರೆ ಹತ್ತು ನಿಮಿಷಕ್ಕೇ ಎದ್ದು ಹೋಗಬೇಕಾಗುತ್ತದೆ. ಮಿಕ್ಸರ್ ಇಟ್ಟ ಮೇಜನ್ನೂ ತೋರಿಸುತ್ತೇನೆ; ಅದರ ಮುಂದೆ ಕುಳಿತವನು ತನ್ನ ಕಿವಿಗೆ ಒಪ್ಪುವಂತೆ ಧ್ವನಿಯನ್ನು ಹದಗೊಳಿಸುವುದರಿಂದ ಅದರ ಆಸುಪಾಸಿನ ಸಾಲುಗಳಲ್ಲಿ ಕೇಳ್ಮೆ ಚೆನ್ನಾಗಿರುತ್ತದೆ. ಜನರ ಮುಖ, ಅದರಲ್ಲೂ ಮಕ್ಕಳ ಮುಖ, ಬೀಳದಂತೆ ಹಿಂದಿನಿಂದಲೇ ತೆಗೆಯುತ್ತೇನೆ.

ಕಳೆದ ವರ್ಷ ಹೊರ ಜಿಲ್ಲೆಯ ತಬಲಾ ವಾದಕರೊಬ್ಬರು ಇಲ್ಲಿನ ಕಾರ್ಯಕ್ರಮಕ್ಕೆ ಬರುವ ಮೊದಲು ಫೋನ್ ಮಾಡಿ, ವೇದಿಕೆಯ ಫೋಟೋ ಇದ್ದರೆ ಕಳುಹಿಸಿ ಎಂದರು. ಹಿಂದಿನ ಪರದೆ, ಹೂವಿನ ಅಲಂಕಾರ ಚೆನ್ನಾಗಿ ಕಾಣುವ ಫೋಟೋ ಕಳುಹಿಸಿದೆ. ‘ಅಣ್ಣಾ, ಇದಲ್ಲ. ಎಲೆಕ್ಟ್ರಾನಿಕ್ ತಂಬೂರಿಗೆ ಪ್ಲಗ್ ಎಲ್ಲಿದೆ?’ ಎಂದು ಕೇಳಿದರು. ಬೈಕ್ ತೆಗೆದುಕೊಂಡು ಹೋಗಿ ನೋಡಿದರೆ, ಪ್ಲಗ್ ಇದ್ದದ್ದು ಪರದೆಯ ಹಿಂದೆ, ಕಲಾವಿದರು ಕೂರುವ ಜಾಗದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ. ಪ್ಲಗ್ಗಿನದೊಂದು, ಅಲ್ಲಿಂದ ಜಮಖಾನದವರೆಗಿನ ನೆಲದ್ದೊಂದು ಫೋಟೋ ತೆಗೆದು ಕಳುಹಿಸಿದೆ. ಅವರು ಉದ್ದನೆಯ ವೈರು ತಂದಿದ್ದರು.